ಮಾಸ್ಟ್ರು ಹೇಳಿದ ತಿಂಗಳು ತಪ್ಪಾಗಿರಲಿಲ್ಲ: ಅಲ್ಜೈಮರ್ಸ್ ರೋಗಿಗಳ ಆರೈಕೆ ಮತ್ತು ನಮ್ಮ ಸಂಘಗಳು

2022ರ ಡಿಸೆಂಬರಿನಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವ. ಹಿರಿಯ ಸದಸ್ಯರ ಸನ್ಮಾನ ಮುಗಿದ ಮೇಲೆ ಸನ್ಮಾನಿತರ ಪರವಾಗಿ ನಾಲ್ಕು ಮಾತು ಆಡಲು ಮಾಸ್ಟ್ರನ್ನು ಕರೆದೆವು. ಹಗಲು ಫೋರ್ಟ್‌ನ ಕಚೇರಿಯೊಂದರಲ್ಲಿ ಗುಮಾಸ್ತಿಕೆ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ, ಹೀಗೆ ಇಪ್ಪತ್ತೆಂಟು ವರ್ಷ ದುಡಿದವರು ಅವರು. ಹೊಟೇಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಎಷ್ಟೋ ಹುಡುಗರು ಅವರ ಕೈಕೆಳಗೆ ಅಕ್ಷರ ಕಲಿತು ಮುಂದೆ ಬ್ಯಾಂಕ್ ಸೇರಿದ್ದಾರೆ, ಸ್ವಂತ ಹೊಟೇಲು ಇಟ್ಟಿದ್ದಾರೆ.

ಮಾಸ್ಟ್ರು ಮೈಕಿನ ಮುಂದೆ ನಿಂತು "ವೇದಿಕೆಯ ಮೇಲಿನ ಗಣ್ಯರೇ" ಎಂದು ಚೆನ್ನಾಗಿಯೇ ಆರಂಭಿಸಿದರು. ಎರಡು ವಾಕ್ಯ ಆದ ಮೇಲೆ ಮತ್ತೆ "ವೇದಿಕೆಯ ಮೇಲಿನ ಗಣ್ಯರೇ" ಎಂದರು. ಮೂರನೆಯ ಸಲವೂ ಅದೇ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಕಾರ್ಯಕ್ರಮ ನಿರೂಪಕರು ನಗುತ್ತಾ "ಅರವತ್ತಕ್ಕೆ ಅರಳುಮರುಳು ಎನ್ನುತ್ತಾರೆ, ನಮ್ಮ ಮಾಸ್ಟ್ರಿಗೆ ಎಪ್ಪತ್ತಕ್ಕೆ ಬಂತು" ಎಂದರು. ಸಭಾಗೃಹವಿಡೀ ನಕ್ಕಿತು. ನಾನೂ ನಕ್ಕೆ. ಮಾಸ್ಟ್ರ ಪತ್ನಿ ಎದ್ದು ಬಂದು ಅವರ ಕೈಹಿಡಿದು ಕೆಳಗೆ ಕರೆದೊಯ್ದರು.

ಮರುವರ್ಷ ಆಮಂತ್ರಣ ಪತ್ರಿಕೆಯ ಪಟ್ಟಿ ಮಾಡುವಾಗ ಕಾರ್ಯಕಾರಿ ಸಮಿತಿಯಲ್ಲಿ ಒಬ್ಬರು "ಅವರಿಗೆ ಹುಷಾರಿಲ್ಲವಂತೆ, ಸುಮ್ಮನೆ ತೊಂದರೆ ಕೊಡುವುದು ಬೇಡ" ಎಂದರು. ಯಾರೂ ಎರಡನೆಯ ಮಾತಾಡಲಿಲ್ಲ. ಹೆಸರು ಬಿಟ್ಟುಹೋಯಿತು. ಆ ಪಟ್ಟಿಗೆ ರುಜು ಹಾಕಿದವನು ನಾನೇ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಅರಳುಮರುಳಲ್ಲ, ರೋಗ

ವಯಸ್ಸಾದವರ ಮರೆವನ್ನು ನಾವು ಸಹಜವೆಂದೇ ತಿಳಿದು ಬಂದವರು. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಪರಿಚಿತರ ಹೆಸರು ತಟ್ಟನೆ ಹೊಳೆಯದಿರುವುದು ಸಹಜವೇ. ಆದರೆ ಕನ್ನಡಕ ಯಾತಕ್ಕೆ ಎಂಬುದೇ ತಿಳಿಯದಿದ್ದರೆ, ಮೂವತ್ತು ವರ್ಷ ಓಡಾಡಿದ ಸ್ಟೇಷನ್ನಿನಿಂದ ಮನೆಗೆ ದಾರಿ ತಪ್ಪಿದರೆ, ಹತ್ತು ನಿಮಿಷದ ಹಿಂದೆ ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳಿದರೆ, ಲೆಕ್ಕದಲ್ಲಿ ಗಟ್ಟಿಗರಾಗಿದ್ದವರು ಚಿಲ್ಲರೆ ಎಣಿಸಲು ತಡವರಿಸಿದರೆ ಅದು ವಯಸ್ಸಿನ ಮರೆವಲ್ಲ. ವೈದ್ಯರು ಅದನ್ನು ಡಿಮೆನ್ಶಿಯಾ ಎನ್ನುತ್ತಾರೆ, ಕನ್ನಡದಲ್ಲಿ ಮರೆಗುಳಿತನ. ಇದಕ್ಕೆ ಕಾರಣವಾಗುವ ರೋಗಗಳಲ್ಲಿ ಅತಿ ಸಾಮಾನ್ಯವಾದುದು ಅಲ್ಜೈಮರ್ಸ್. 1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಜೈಮರ್ ತಮ್ಮ ರೋಗಿಯೊಬ್ಬಳ ಮೆದುಳಿನಲ್ಲಿ ಕಂಡ ಬದಲಾವಣೆಗಳನ್ನು ವೈದ್ಯರ ಸಭೆಯ ಮುಂದಿಟ್ಟರು. ಆ ಹೆಸರೇ ರೋಗಕ್ಕೆ ನಿಂತಿತು.

ನಮ್ಮ ದೇಶದಲ್ಲಿ ಇದು ಎಷ್ಟಿದೆ? ಮನೆಮನೆಗೆ ಹೋಗಿ ಹಿರಿಯರನ್ನು ಪರೀಕ್ಷಿಸಿದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆಗುಳಿತನವಿದೆ. ಇದನ್ನು ನಮ್ಮ ಸಂಘದ ಲೆಕ್ಕಕ್ಕೆ ಇಳಿಸಿ ನೋಡೋಣ. 60 ದಾಟಿದ 200 ಸದಸ್ಯರಿರುವ ಸಂಘದಲ್ಲಿ ಸುಮಾರು 15 ಮಂದಿ ಇಂಥವರಿರಬಹುದು. ಅವರನ್ನು ನಾವು ಸಭೆಗಳಲ್ಲಿ ಕಾಣುವುದಿಲ್ಲ. ಅವರು ಮನೆಯೊಳಗಿದ್ದಾರೆ. ಅವರನ್ನು ನೋಡಿಕೊಳ್ಳುವವರೂ ಮನೆಯೊಳಗೇ ಇದ್ದಾರೆ.

ಮೊದಲು ತಪಾಸಣೆ

ಮಾಸ್ಟ್ರ ಮನೆಯಲ್ಲಿಯೂ ಮೊದಲ ವರ್ಷ ಯಾರೂ ಆಸ್ಪತ್ರೆಯ ಮಾತೆತ್ತಲಿಲ್ಲ. ಹರಕೆ ಆಯಿತು, ಊರಿಗೆ ಹೋಗಿ ನಾಗನಿಗೆ ತಂಬಿಲ ಆಯಿತು. ಅದರಲ್ಲಿ ತಪ್ಪೇನಿಲ್ಲ, ಅದು ಮನಸ್ಸಿನ ಸಮಾಧಾನಕ್ಕೆ. ಆದರೆ ತಪಾಸಣೆಯನ್ನು ಮುಂದೂಡಬಾರದು. ಏಕೆಂದರೆ ಮರೆವಿನ ಎಲ್ಲ ತೊಂದರೆಯೂ ಅಲ್ಜೈಮರ್ಸ್ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಮಾನಸಿಕ ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಬುರುಡೆಯೊಳಗೆ ಕಟ್ಟಿದ ರಕ್ತ, ನಿದ್ರೆ ಗುಳಿಗೆಗಳ ಅತಿ ಸೇವನೆ ಇವೆಲ್ಲವೂ ಮರೆವು ತರುತ್ತವೆ. ಇವುಗಳಲ್ಲಿ ಬಹುಪಾಲು ಚಿಕಿತ್ಸೆಯಿಂದ ಸುಧಾರಿಸುವಂಥವು. ಸಸ್ಯಾಹಾರಿ ಹಿರಿಯರಲ್ಲಿ ಬಿ12 ಕೊರತೆ ಅಪರೂಪವೇನಲ್ಲ. ಒಂದು ರಕ್ತ ಪರೀಕ್ಷೆಯಿಂದ ತಿಳಿಯಬಹುದಾದುದನ್ನು "ವಯಸ್ಸಾಯಿತು" ಎಂದು ಬಿಟ್ಟುಬಿಟ್ಟರೆ ಅದು ನಾವು ಮಾಡುವ ಅನ್ಯಾಯ. ಕಿವಿ ಕೇಳದವರು, ಕಣ್ಣಿನ ಪೊರೆಯವರು ಕೂಡ ಮರೆಗುಳಿಗಳಂತೆ ಕಾಣಿಸಬಹುದು. ಅದನ್ನೂ ಪರೀಕ್ಷಿಸಬೇಕು.

ಹೋಗಬೇಕಾದುದು ನರರೋಗ ವಿಭಾಗಕ್ಕೆ ಅಥವಾ ಮಾನಸಿಕ ರೋಗ ವಿಭಾಗಕ್ಕೆ. ಎರಡನೆಯ ಹೆಸರು ಕೇಳಿ ಹಿಂಜರಿಯುವವರು ನಮ್ಮಲ್ಲಿ ಬಹಳ. ಹುಚ್ಚು ಎಂದು ಯಾರೂ ಬರೆದುಕೊಡುವುದಿಲ್ಲ, ಹೆದರಬೇಕಾಗಿಲ್ಲ. ಮುಂಬಯಿಯಲ್ಲಿ ಪರೇಲ್‌ನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಸಯನ್ನಿನ ಲೋಕಮಾನ್ಯ ತಿಲಕ್, ಬೈಕುಲಾದ ಜೆಜೆ, ಈ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಎರಡೂ ವಿಭಾಗಗಳಿವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿಕೊಳ್ಳಬೇಕು, ಸಾಲಿನಲ್ಲಿ ಕಾಯಬೇಕು ನಿಜ. ಆದರೆ ಖರ್ಚು ಕೈಗೆಟಕುವಂಥದು, ವೈದ್ಯರು ಅನುಭವಿಗಳು. ಹೋಗುವಾಗ ರೋಗಿ ಸೇವಿಸುವ ಎಲ್ಲ ಗುಳಿಗೆಗಳ ಪಟ್ಟಿ, ಹಳೆಯ ವರದಿಗಳು ಜೊತೆಯಲ್ಲಿರಲಿ. ಮರೆವು ಯಾವಾಗ ಶುರುವಾಯಿತು, ಏನೇನು ತಪ್ಪುತ್ತಿದ್ದಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ರೋಗಿಯ ಎದುರಿನಲ್ಲೇ ಎಲ್ಲವನ್ನೂ ಹೇಳುವುದು ಮನೆಯವರಿಗೂ ಕಷ್ಟ, ರೋಗಿಗೂ ಅವಮಾನ. ಆ ಹಾಳೆಯನ್ನು ವೈದ್ಯರ ಕೈಗೆ ಕೊಟ್ಟರಾಯಿತು.

"ಆಟಿ" ಎಂದರೆ ಯಾವ ತಿಂಗಳು?

2023ರ ಆಗಸ್ಟ್ ಮೊದಲ ವಾರ ಮಾಸ್ಟ್ರನ್ನು ಅವರ ಮಗ ಆಸ್ಪತ್ರೆಗೆ ಕರೆದೊಯ್ದರು. ಅಮ್ಮ ಹೊರಗೆ ಔಷಧದ ಸಾಲಿನಲ್ಲಿದ್ದರು. ಒಳಗೆ ಕಿರಿಯ ವೈದ್ಯರೊಬ್ಬರು ಹಿಂದಿಯಲ್ಲಿ ಪ್ರಶ್ನೆ ಕೇಳುತ್ತಾ ಅಂಕ ಹಾಕುತ್ತಿದ್ದರು. ಇದು ಯಾವ ಊರು? ಇದು ಎಷ್ಟನೆಯ ಮಹಡಿ? ಇದು ಯಾವ ತಿಂಗಳು? ತಿಂಗಳ ಪ್ರಶ್ನೆಗೆ ಮಾಸ್ಟ್ರು ತಡಮಾಡದೆ "ಆಟಿ" ಎಂದರು. ವೈದ್ಯರು ಮಗನ ಮುಖ ನೋಡಿದರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಗನಿಗೆ ಆಟಿ ಎಂದರೆ ಸಂಘದ ಮಹಿಳಾ ವಿಭಾಗದವರು ನಡೆಸುವ "ಆಟಿಡೊಂಜಿ ದಿನ" ಕಾರ್ಯಕ್ರಮದ ಹೆಸರು, ಅಷ್ಟೇ. ಆತ ತಲೆಯಲ್ಲಾಡಿಸಿದ. ವೈದ್ಯರು ಸೊನ್ನೆ ಹಾಕಿದರು.

ಮನೆಗೆ ಬಂದ ಮೇಲೆ ವಿಷಯ ಕೇಳಿದ ಅಮ್ಮನಿಗೆ ಸಿಟ್ಟು ಬಂತು. "ಇವರು ಹೇಳಿದ್ದು ಸರಿಯೇ ಉಂಟಲ್ಲ! ಜುಲೈ ಅರ್ಧದಿಂದ ಆಗಸ್ಟ್ ಅರ್ಧದವರೆಗೆ ಆಟಿಯೇ ಅಲ್ಲವಾ?" ಮುಂದಿನ ಸಲ ಅವರೇ ಒಳಗೆ ಹೋಗಿ, ತಮಗೆ ಬರುವ ಹಿಂದಿಯಲ್ಲಿ ತುಳುವರ ತಿಂಗಳುಗಳನ್ನು ವೈದ್ಯರಿಗೆ ವಿವರಿಸಿದರು. ಆ ವೈದ್ಯರು ಒಳ್ಳೆಯವರು. ಪ್ರಶ್ನೆಗಳನ್ನು ಅಮ್ಮನ ಮೂಲಕ ತುಳು ಮತ್ತು ಕನ್ನಡದಲ್ಲಿ ಮತ್ತೊಮ್ಮೆ ಕೇಳಿಸಿದರು. ಈ ಸಲ ಮಾಸ್ಟ್ರ ಅಂಕ ಏರಿತು. ಹಾಗೆಂದು ರೋಗ ಇಲ್ಲವೆಂದಾಗಲಿಲ್ಲ. ರಕ್ತ ಪರೀಕ್ಷೆ, ಎಂಆರ್‌ಐ ಎಲ್ಲ ಆದ ಮೇಲೆ ಅಲ್ಜೈಮರ್ಸ್ ಎಂದೇ ತೀರ್ಮಾನವಾಯಿತು. ಆದರೆ ರೋಗ ಎಷ್ಟು ಮುಂದುವರಿದಿದೆ ಎಂಬ ಲೆಕ್ಕ ಬದಲಾಯಿತು.

ಇದು ಕೇವಲ ಒಂದು ಮನೆಯ ಕತೆಯಲ್ಲ. ಈ ರೋಗದಲ್ಲಿ ಇತ್ತೀಚಿನದು ಮೊದಲು ಅಳಿಸಿಹೋಗುತ್ತದೆ, ಹಳೆಯದು ಹೆಚ್ಚು ಕಾಲ ಉಳಿಯುತ್ತದೆ. ದೊಡ್ಡವರಾದ ಮೇಲೆ ಕಲಿತ ಭಾಷೆ ಅನೇಕರಲ್ಲಿ ಮೊದಲು ಸೊರಗುತ್ತದೆ, ತಾಯಿಯಿಂದ ಕಲಿತ ಮಾತು ಉಳಿಯುತ್ತದೆ. ನಲವತ್ತು ವರ್ಷ ಸೊಗಸಾಗಿ ಮರಾಠಿ ಮಾತಾಡಿದವರು ನೆರೆಮನೆಯವರೊಂದಿಗೆ ಕನ್ನಡದಲ್ಲೋ ತುಳುವಿನಲ್ಲೋ ಮಾತಿಗಿಳಿಯುವುದನ್ನು ನಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಹೀಗಿರುವಾಗ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಡೆಸಿದ ಪರೀಕ್ಷೆ ರೋಗವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು. ವೈದ್ಯಲೋಕವೂ ಇದನ್ನು ಅರಿತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ರೂಪುಗೊಂಡ ನೆನಪಿನ ಪರೀಕ್ಷೆಗಳ ಗುಚ್ಛ ಹಿಂದಿ, ಬಂಗಾಳಿ, ತೆಲುಗು, ಮಲಯಾಳದ ಜೊತೆ ಕನ್ನಡದಲ್ಲಿಯೂ ಸಿದ್ಧವಾಗಿದೆ. "ನಮ್ಮವರನ್ನು ಕನ್ನಡದಲ್ಲಿ ಪರೀಕ್ಷಿಸಲು ಸಾಧ್ಯವೇ?" ಎಂದು ಕೇಳುವುದು ಉದ್ಧಟತನವಲ್ಲ. ಸಾಧ್ಯವಿಲ್ಲದಿದ್ದರೆ ಭಾಷೆ ಬಲ್ಲ ಹಿರಿಯರೊಬ್ಬರು ಜೊತೆಗಿರಲಿ.

ಹಲವು ಭಾಷೆ ಬಲ್ಲ ನಮ್ಮ ಜನರಿಗೆ ಸಮಾಧಾನದ ಮಾತೂ ಒಂದಿದೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಮರೆಗುಳಿತನ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸವಿತ್ತು. ಮೊಮ್ಮಕ್ಕಳಿಗೆ ಕನ್ನಡ ಕಲಿಸಲು ಇದೂ ಒಂದು ಕಾರಣ ಎನ್ನಬಹುದು.

ಔಷಧ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಅಲ್ಜೈಮರ್ಸನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಡೊನೆಪೆಝಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಮತ್ತು ಮೆಮಾಂಟಿನ್. ಇವು ಕೆಲವರಲ್ಲಿ ಸ್ವಲ್ಪ ಕಾಲ ನೆನಪು ಮತ್ತು ಗಮನವನ್ನು ಹಿಡಿದಿಡಲು ನೆರವಾಗುತ್ತವೆ. ಕೆಲವರಿಗೆ ವಾಕರಿಕೆ, ಭೇದಿ, ನಾಡಿಬಡಿತ ನಿಧಾನವಾಗುವ ತೊಂದರೆ ಬರಬಹುದು. ಆಗ ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಗುಳಿಗೆ ದುಬಾರಿ ಎನಿಸಿದರೆ ಜೆನೆರಿಕ್ ಔಷಧಕ್ಕಾಗಿ ಜನೌಷಧಿ ಕೇಂದ್ರಗಳಲ್ಲಿ ವಿಚಾರಿಸಬಹುದು.

ರೋಗಿ ರೇಗುತ್ತಾರೆ, ರಾತ್ರಿ ಮಲಗುವುದಿಲ್ಲ ಎಂದು ಮಂಪರು ತರುವ ಔಷಧಕ್ಕೆ ಒತ್ತಾಯಿಸುವವರಿದ್ದಾರೆ. ಮಾನಸಿಕ ರೋಗಕ್ಕೆ ಕೊಡುವ ಕೆಲವು ಗುಳಿಗೆಗಳು ಮರೆಗುಳಿತನವಿರುವ ಹಿರಿಯರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಸಿದೆ. ಅನಿವಾರ್ಯವಾದಾಗ ಮಾತ್ರ, ವೈದ್ಯರ ಕಣ್ಗಾವಲಿನಲ್ಲಿ ಸ್ವಲ್ಪ ಕಾಲ ಕೊಡುವ ಔಷಧ ಅದು. ನೆರೆಮನೆಯವರಿಗೆ ಕೊಟ್ಟದ್ದನ್ನು ನಮ್ಮವರಿಗೆ ಕೊಡುವುದಂತೂ ಕೂಡದು.

ಹೊಸ ಔಷಧಗಳ ಸುದ್ದಿಯೂ ಕೇಳಿಬರುತ್ತಿದೆ. ಅಮೆರಿಕದಲ್ಲಿ 2023ರಲ್ಲಿ ಲೆಕಾನೆಮಾಬ್, 2024ರಲ್ಲಿ ಡೊನಾನೆಮಾಬ್ ಎಂಬ ಎರಡು ಔಷಧಗಳಿಗೆ ಪೂರ್ಣ ಅನುಮತಿ ದೊರೆಯಿತು. ರಕ್ತನಾಳದ ಮೂಲಕ ಕೊಡುವ ಇವು ರೋಗದ ಆರಂಭದ ಹಂತದಲ್ಲಿರುವವರಿಗೆ ಮಾತ್ರ. ಅವು ರೋಗವನ್ನು ನಿಲ್ಲಿಸುವುದಿಲ್ಲ, ಅದರ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ. ಮೆದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯವಿರುವುದರಿಂದ ಆಗಾಗ ಎಂಆರ್‌ಐ ಮಾಡಿಸುತ್ತಿರಬೇಕು. ಇನ್ನು "ಮೂರು ತಿಂಗಳಲ್ಲಿ ನೆನಪು ವಾಪಸ್" ಎಂಬ ಜಾಹೀರಾತುಗಳಿಗೆ ಹಣ ಸುರಿದು ಕೈಸುಟ್ಟುಕೊಳ್ಳಬೇಡಿ.

ಗುಳಿಗೆಯಾಚೆಗಿನ ಚಿಕಿತ್ಸೆ

ಹಾಗಾದರೆ ಮಾಡುವುದೇನು? ಇಲ್ಲಿಯೇ ನಮ್ಮ ಪಾಲಿನ ಕೆಲಸ ಆರಂಭವಾಗುವುದು. ಗುಳಿಗೆಯಷ್ಟೇ ಮುಖ್ಯವಾದ ಚಿಕಿತ್ಸೆ ರೋಗಿಯ ದಿನವನ್ನು ತುಂಬುವುದು. ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಏಳೆಂಟು ಮಂದಿ ರೋಗಿಗಳನ್ನು ಕೂಡಿಸಿ ಹಾಡು, ಹಳೆಯ ಚಿತ್ರ, ಪದಗಳ ಆಟ, ಅಂದಿನ ಸುದ್ದಿ, ಅಡುಗೆಯ ಮಾತು ಹೀಗೆ ಪ್ರತಿಸಲವೂ ಒಂದೊಂದು ವಿಷಯ ಹಿಡಿದು ಮಾತಾಡಿಸುತ್ತಾರೆ. ಇಂಗ್ಲೆಂಡಿನಲ್ಲಿ ರೂಪುಗೊಂಡ ಈ ಕ್ರಮವನ್ನು ಚೆನ್ನೈಯ ಸ್ಕಾರ್ಫ್ ಸಂಸ್ಥೆಯವರು ತಮಿಳಿನವರಿಗೆ ಒಗ್ಗಿಸಿ ನಡೆಸಿದ್ದಾರೆ. ಭಾಷೆ, ಹಾಡು, ತಿಂಡಿಯ ಹೆಸರು ಎಲ್ಲವೂ ಅಲ್ಲಿನದೇ ಆಗಿದ್ದರೆ ಮಾತ್ರ ಇದು ಫಲಿಸುತ್ತದೆ. ಮುಂಬಯಿಯ ಆಸ್ಪತ್ರೆ ನಮಗೆ ಔಷಧ ಕೊಡಬಹುದು. ಆದರೆ "ನೀರ್ದೋಸೆಗೆ ಅಕ್ಕಿ ಎಷ್ಟು ಹೊತ್ತು ನೆನೆಯಬೇಕು?" ಎಂದು ಕೇಳಿ ಹಿರಿಯ ಹೆಂಗಸೊಬ್ಬಳನ್ನು ಮಾತಿಗೆಳೆಯುವ ಚಿಕಿತ್ಸೆಯನ್ನು ನಮ್ಮವರೇ ಕೊಡಬೇಕು.

ಮಾಸ್ಟ್ರ ವಿಷಯದಲ್ಲಿ ಇದನ್ನು ನಾನು ಕಣ್ಣಾರೆ ಕಂಡೆ. ಪ್ರತಿದಿನ ಸಂಜೆ ಆರಾಗುತ್ತಲೇ ಅವರು ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ನಿಲ್ಲುತ್ತಿದ್ದರು. "ಹೊತ್ತಾಯಿತು, ಹೋಗಬೇಕು" ಎಂಬುದೊಂದೇ ಮಾತು. ತಡೆದರೆ ಕೂಗಾಟ. ಸಂಜೆಯ ವೇಳೆಗೆ ಇಂಥ ತಳಮಳ ಹೆಚ್ಚುವುದು ಈ ರೋಗದಲ್ಲಿ ಸಾಮಾನ್ಯ. ಊರಿಗೆ ಹೋಗಲು ಹಟ ಹಿಡಿಯುತ್ತಾರೆ ಎಂದೇ ಮನೆಯವರು ತಿಳಿದಿದ್ದರು. ಒಂದು ದಿನ ಅವರ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ಠಾಣೆಯಲ್ಲಿ ಹೊಟೇಲು ನಡೆಸುವವರು, ನೋಡಲು ಬಂದಿದ್ದಾಗಲೂ ಇದೇ ನಡೆಯಿತು. ಅವರು ಗಡಿಯಾರ ನೋಡಿ "ಅಮ್ಮಾ, ಇದು ಊರಿಗೆ ಹೋಗುವ ಗಡಿಬಿಡಿ ಅಲ್ಲ, ಶಾಲೆಯ ಹೊತ್ತು" ಎಂದರು. ಆರೂವರೆಗೆ ರಾತ್ರಿ ಶಾಲೆಯ ಗಂಟೆ.

ಮರುದಿನ ಆ ವಿದ್ಯಾರ್ಥಿ ಒಂದು ಹಾಜರಿ ಪುಸ್ತಕ, ಒಂದು ಪೆನ್ನು ತಂದುಕೊಟ್ಟರು. ಹಳೆಯ ಸಹಪಾಠಿಗಳ ಹೆಸರುಗಳನ್ನು ತಾವೇ ಅದರಲ್ಲಿ ಬರೆದಿದ್ದರು. ಸಂಜೆ ಆರಕ್ಕೆ ಮಾಸ್ಟ್ರನ್ನು ಮೇಜಿನ ಮುಂದೆ ಕೂಡಿಸಿದರೆ ಅವರು ಒಂದೊಂದೇ ಹೆಸರು ಓದಿ ಗುರುತು ಹಾಕುತ್ತಾರೆ. ಬಂದವರು "ಹಾಜರ್ ಸಾರ್" ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ತಳಮಳ ಇಳಿಯುತ್ತದೆ. ಎಲ್ಲ ದಿನವೂ ಇಳಿಯುತ್ತದೆ ಎನ್ನಲಾರೆ. ಆದರೆ ಬಾಗಿಲ ಬಳಿಯ ಜಗಳ ಬಹಳಷ್ಟು ಕಡಿಮೆಯಾಯಿತು. ರೋಗಿಯ ಹಟದ ಹಿಂದೆ ಒಂದು ಕಾರಣವಿರುತ್ತದೆ. ವಾದ ಮಾಡಿ ಸತ್ಯ ಒಪ್ಪಿಸುವುದಕ್ಕಿಂತ ಆ ಕಾರಣವನ್ನು ಹುಡುಕುವುದು ಮೇಲು. ಬೆಳಗಿನ ನಾಲ್ಕಕ್ಕೇ ಎದ್ದು ಅಡುಗೆಮನೆಗೆ ನುಗ್ಗುವ ಹಿರಿಯ ಹೊಟೇಲಿಗರು ಯಾವ ಒಲೆ ಹೊತ್ತಿಸಲು ಹೊರಟಿದ್ದಾರೆ ಎಂಬುದು ಅವರೊಂದಿಗೆ ದುಡಿದವರಿಗೆ ಗೊತ್ತು, ಸಂಬಳಕ್ಕೆ ಬಂದ ಆಯಾಗೆ ಗೊತ್ತಿಲ್ಲ.

ಆರೈಕೆ ಮಾಡುವವರ ಆರೈಕೆ

ನಾನು ಮೊದಲ ಸಲ ಮಾಸ್ಟ್ರ ಮನೆಗೆ ಹೋದದ್ದು ಆಮಂತ್ರಣದ ಪಟ್ಟಿಯಿಂದ ಹೆಸರು ಬಿಟ್ಟ ಮೇಲೆ, ಆರು ತಿಂಗಳು ಕಳೆದು. ಅಮ್ಮ ದೂರಲಿಲ್ಲ. ಚಹಾ ಕೊಟ್ಟು ಹೇಳಿದರು: "ಒಂದು ಮದುವೆಗೆ ಹೋಗದೆ ಎರಡು ವರ್ಷ ಆಯಿತು ಮಾರಾಯ್ರೆ. ಸ್ನಾನಕ್ಕೆ ಹೋದರೂ ಬಾಗಿಲು ಅರ್ಧ ತೆರೆದಿಟ್ಟೇ ಹೋಗುವುದು." ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆಯ ದಿನಾಂಕ ಎರಡು ಸಲ ಮುಂದೆ ಹೋಗಿತ್ತು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಏಳರ ಲೋಕಲ್ ಹಿಡಿದರೆ ವಾಪಸಾಗುವುದು ರಾತ್ರಿ. ದಿನವಿಡೀ ಮನೆಯಲ್ಲಿರುವುದು ಎರಡು ಜೀವ, ಒಂದು ಬೀಗ.

ಆರೈಕೆ ಮಾಡುವವರಲ್ಲಿ ರಕ್ತದೊತ್ತಡ, ನಿದ್ರಾಹೀನತೆ, ಖಿನ್ನತೆ ಕಾಣಿಸಿಕೊಳ್ಳುವುದು ಹೊಸತಲ್ಲ. ಅವರು ಕುಸಿದರೆ ರೋಗಿಯ ಗತಿಯೇನು? ಇಂಥವರಿಗೆ ಎಲ್ಲಿ ನೆರವು ದೊರೆಯುತ್ತದೆ ಎಂಬುದನ್ನು ಪ್ರತಿ ಸಂಘದ ಕಚೇರಿಯ ಫಲಕದಲ್ಲಿ ಬರೆದು ಹಾಕಬೇಕು.

ಅಲ್ಜೈಮರ್ಸ್ ಆ್ಯಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ ಎಂಬ ಸಂಸ್ಥೆ 1992ರಲ್ಲಿ ಕೇರಳದಲ್ಲಿ ಆರಂಭವಾಯಿತು. ಮುಂಬಯಿ, ಬೆಂಗಳೂರು ಸೇರಿದಂತೆ ದೇಶದ ಹಲವು ನಗರಗಳಲ್ಲಿ ಅದರ ಶಾಖೆಗಳಿವೆ. ರೋಗಿಗಳ ಮನೆಯವರು ಒಂದೆಡೆ ಕೂತು ಕಷ್ಟ ಹೇಳಿಕೊಳ್ಳುವ ಸಭೆಗಳು, ಆರೈಕೆಯ ತರಬೇತಿ ಇಂಥ ಸಂಸ್ಥೆಗಳಿಂದ ದೊರೆಯುತ್ತವೆ. 1995ರಿಂದ ಹಿರಿಯರಿಗಾಗಿ ದುಡಿಯುತ್ತಿರುವ ಡಿಗ್ನಿಟಿ ಫೌಂಡೇಶನ್ ಮುಂಬಯಿಯಲ್ಲಿ ಮರೆಗುಳಿತನವಿರುವವರ ಹಗಲು ಆರೈಕೆಯನ್ನೂ ಕೈಗೊಂಡ ಸಂಸ್ಥೆ. ಕೇಂದ್ರ ಸರಕಾರದ ಹಿರಿಯರ ಸಹಾಯವಾಣಿ 14567, 2021ರಿಂದ ದೇಶದಾದ್ಯಂತ ನಡೆಯುತ್ತಿದೆ. ಆರೈಕೆ ಕೇಂದ್ರಗಳ ಮಾಹಿತಿ, ಕಾನೂನಿನ ಸಲಹೆ ಅಲ್ಲಿ ಕೇಳಬಹುದು. ನೋಡಿಕೊಳ್ಳುವವರ ಮನಸ್ಸೇ ಸೋತಾಗ ಕರೆಮಾಡಲು ಟೆಲಿ ಮಾನಸ್ 14416 ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಉಚಿತ ಸೇವೆ ಹಗಲು ರಾತ್ರಿ, ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ನಡೆಯುತ್ತದೆ.

ಊರಿಗೆ ಕರೆದೊಯ್ಯುವುದೇ, ಇಲ್ಲಿಗೆ ತರುವುದೇ?

ನಮ್ಮ ಮನೆಗಳಲ್ಲಿ ಏಳುವ ದೊಡ್ಡ ಪ್ರಶ್ನೆ ಇದು. ಊರಿನಲ್ಲಿ ಒಂಟಿಯಾಗಿರುವ ತಾಯಿಗೆ ಮರೆವು ಶುರುವಾದಾಗ ಮಕ್ಕಳು ಅವರನ್ನು ಮುಂಬಯಿಗೆ ಕರೆತರುತ್ತಾರೆ. ಅಂಗಳ, ಬಾವಿ, ಹಟ್ಟಿ ಎಲ್ಲ ಗುರುತಿದ್ದವರು ಹತ್ತನೆಯ ಮಹಡಿಯ ಫ್ಲ್ಯಾಟಿನಲ್ಲಿ ಬಚ್ಚಲಮನೆಯ ದಾರಿಯನ್ನೇ ಅರಿಯದೆ ಕಂಗಾಲಾಗುತ್ತಾರೆ. ಇನ್ನು ಕೆಲವರು ಇಲ್ಲಿ ನೋಡಿಕೊಳ್ಳಲಾಗದೆ ತಂದೆಯನ್ನು ಊರಿಗೆ ಬಿಟ್ಟುಬರುತ್ತಾರೆ. ಮೂರು ತಿಂಗಳು ಅಣ್ಣನ ಮನೆ, ಮೂರು ತಿಂಗಳು ತಂಗಿಯ ಮನೆ ಎಂಬ ಪಾಳಿಯೂ ಉಂಟು. ನ್ಯಾಯಕ್ಕೆ ಅದು ಸರಿಯೆನಿಸಬಹುದು, ರೋಗಿಗೆ ಅದು ಶಿಕ್ಷೆ. ಜಾಗ ಬದಲಾದಷ್ಟೂ ಗೊಂದಲ ಹೆಚ್ಚು. ಸಾಧ್ಯವಾದಷ್ಟು ಒಂದೇ ಮನೆ, ಒಂದೇ ಮಂಚ, ಒಂದೇ ದಿನಚರಿ ಇರಲಿ. ಪಾಳಿ ಬೇಕೇ ಬೇಕೆಂದಾದರೆ ಆರೈಕೆ ಮಾಡುವವರು ಬದಲಾಗಲಿ, ರೋಗಿಯ ಜಾಗ ಬದಲಾಗದಿರಲಿ.

ಊರಿಗೇ ಮರಳುವುದಾದರೆ ಅಲ್ಲಿಯ ವ್ಯವಸ್ಥೆಯನ್ನೂ ತಿಳಿದಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರ ಮಾನಸಿಕ ಆರೋಗ್ಯಕ್ಕೆ ವಿಶೇಷ ಸೇವೆಯಿದೆ. 2022ರಲ್ಲಿ ನಿಮ್ಹಾನ್ಸ್ ಮತ್ತು ಕರ್ನಾಟಕ ಸರಕಾರ ಸೇರಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿವೆ. ಅದರಡಿ ಜಿಲ್ಲೆಗಳಲ್ಲಿಯೂ ಮೆದುಳಿನ ಆರೋಗ್ಯ ಚಿಕಿತ್ಸಾಲಯಗಳನ್ನು ತೆರೆಯುವ ಕೆಲಸ ನಡೆದಿದೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆಗುಳಿತನವಿರುವವರ ವಸತಿ ಸಹಿತ ಆರೈಕೆ ಕೇಂದ್ರವನ್ನು ನಡೆಸುತ್ತಿದೆ.

ಕಾಗದಪತ್ರ ಮತ್ತು ಕೊರಳ ಚೀಟಿ

ಎರಡು ವಿಷಯಗಳನ್ನು ರೋಗದ ಆರಂಭದಲ್ಲೇ ಮಾಡಿಮುಗಿಸಬೇಕು. ಮೊದಲನೆಯದು ಹಣಕಾಸು. ಮುಖ್ತಿಯಾರ್ ಪತ್ರ ಮಾಡಿಸಿದ್ದೇವೆ, ಸಾಕು ಎಂದು ಹಲವರು ತಿಳಿದಿದ್ದಾರೆ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ಕಳೆದುಹೋದ ಮೇಲೆ ನಮ್ಮ ಕಾನೂನಿನಲ್ಲಿ ಆ ಪತ್ರ ನಿಲ್ಲುವುದಿಲ್ಲ. ಅನಂತರ ಮನೆಯವರು ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು. ಆದ್ದರಿಂದ ಜಂಟಿ ಖಾತೆ, ನಾಮನಿರ್ದೇಶನ, ಉಯಿಲು ಇವೆಲ್ಲವನ್ನು ಅವರಿಗೆ ತಿಳುವಳಿಕೆ ಇರುವಾಗಲೇ, ಅವರ ಮನಸ್ಸನ್ನು ಕೇಳಿಯೇ, ವಕೀಲರ ಸಲಹೆ ಪಡೆದು ಮಾಡಬೇಕು. ಎರಡನೆಯದು ಕಾಣೆಯಾಗುವ ಭಯ. ಜೇಬಿನಲ್ಲಿ, ಕೊರಳ ಪದಕದಲ್ಲಿ ಅಥವಾ ಕೈಬಳೆಯಲ್ಲಿ ಮನೆಯವರ ಫೋನ್ ನಂಬರ್ ಇರಲಿ. ಇತ್ತೀಚಿನ ಭಾವಚಿತ್ರ ಕೈಗೆ ಸಿಗುವಂತಿರಲಿ. ಕಟ್ಟಡದ ವಾಚ್‌ಮನ್, ಹಾಲಿನವನು, ಕೆಳಗಿನ ಅಂಗಡಿಯವರಿಗೆ ರೋಗದ ವಿಷಯ ತಿಳಿಸಿ. ಮುಚ್ಚಿಟ್ಟ ಗುಟ್ಟಿಗಿಂತ ತಿಳಿದ ನೆರೆಹೊರೆಯೇ ದೊಡ್ಡ ಕಾವಲು. ಕಾಣೆಯಾದರೆ ರಾತ್ರಿಯವರೆಗೆ ಕಾಯದೆ ಕೂಡಲೇ 112ಕ್ಕೆ ಕರೆಮಾಡಬೇಕು.

ಸಂಘಗಳಿಗೆ ಒಂದು ವಿನಂತಿ

ರೋಗ ಬಾರದಂತೆ ತಡೆಯುವ ವಿಷಯದಲ್ಲಿಯೂ ಸಂಘಗಳ ಪಾತ್ರವಿದೆ. 2024ರಲ್ಲಿ ಲ್ಯಾನ್ಸೆಟ್ ಆಯೋಗವು ಮರೆಗುಳಿತನಕ್ಕೆ ಎಡೆಮಾಡುವ, ಆದರೆ ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿಮಾಡಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡುತನ, ವ್ಯಾಯಾಮದ ಕೊರತೆಯ ಜೊತೆಗೆ ಒಂಟಿತನವೂ ಆ ಪಟ್ಟಿಯಲ್ಲಿದೆ. ಇವೆಲ್ಲವನ್ನೂ ಹತೋಟಿಗೆ ತಂದರೆ ಶೇ. 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಆಯೋಗ ಅಂದಾಜಿಸಿದೆ. ನಾವು ವರ್ಷಕ್ಕೊಮ್ಮೆ ನಡೆಸುವ ಆರೋಗ್ಯ ಶಿಬಿರದಲ್ಲಿ ಕಿವಿಯ ಪರೀಕ್ಷೆಯನ್ನೂ, ಕನ್ನಡದಲ್ಲಿ ನೆನಪಿನ ಪರೀಕ್ಷೆಯನ್ನೂ ಸೇರಿಸಬಹುದಲ್ಲವೇ? ಸೆಪ್ಟೆಂಬರ್ 21 ವಿಶ್ವ ಅಲ್ಜೈಮರ್ಸ್ ದಿನ. ಅಂದು ಒಂದು ಮಾಹಿತಿ ಸಭೆ ಇಟ್ಟುಕೊಳ್ಳಬಹುದಲ್ಲವೇ?

ಇದಕ್ಕಿಂತಲೂ ದೊಡ್ಡ ಕೆಲಸ ಇನ್ನೊಂದಿದೆ, ಅದಕ್ಕೆ ಹಣವೇ ಬೇಡ. ನಮ್ಮ ಸಂಘದ ನಿವೃತ್ತ ಸದಸ್ಯರು ನಾಲ್ವರು ಸೇರಿ 2024ರಿಂದ ಪ್ರತಿ ಗುರುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಮಾಸ್ಟ್ರ ಮನೆಗೆ ಪಾಳಿಯಲ್ಲಿ ಹೋಗುತ್ತಿದ್ದೇವೆ. ಕನ್ನಡ ಪತ್ರಿಕೆ ಓದುತ್ತೇವೆ, ಯಕ್ಷಗಾನದ ಪದ ಹಾಕುತ್ತೇವೆ, ಹಾಜರಿ ಕೊಡುತ್ತೇವೆ. ಆ ಎರಡು ಗಂಟೆ ಅಮ್ಮನದು. ಮೊದಲ ಗುರುವಾರ ಅವರು ಎಲ್ಲಿಗೂ ಹೋಗಲಿಲ್ಲ, ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿದ್ದೆ ಮಾಡಿದರು. ಆ ವರ್ಷದ ಕೊನೆಗೆ ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು. ಆ ದಿನಗಳಲ್ಲಿ ಮಹಿಳಾ ವಿಭಾಗದವರು ಊಟ ಕಳುಹಿಸಿದರು, ಯುವ ವಿಭಾಗದ ಇಬ್ಬರು ರಾತ್ರಿ ಮನೆಯಲ್ಲಿ ಮಲಗಿದರು.

ಮಾಸ್ಟ್ರು ಗುಣವಾಗಿಲ್ಲ. ಆಗುವುದೂ ಇಲ್ಲ. ಈಗ ಮಾತು ಕಡಿಮೆಯಾಗಿದೆ, ಹಾಜರಿ ಪುಸ್ತಕದಲ್ಲಿ ಹೆಸರು ಓದುವುದೂ ತಪ್ಪುತ್ತಿದೆ. ನನ್ನ ಹೆಸರು ಅವರಿಗೆ ತಿಳಿಯದೆ ವರ್ಷವಾಯಿತು. ಆದರೆ ಕನ್ನಡದಲ್ಲಿ ಮಾತಾಡುವವರು ಎದುರು ಕೂತರೆ ಅವರ ಮುಖ ಅರಳುತ್ತದೆ. ಕಳೆದ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯನ್ನು ನಾನೇ ಕೊಂಡೊಯ್ದು ಅವರ ಕೈಗಿತ್ತೆ. ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು. ಆ ದಿನ ಅರ್ಧ ಗಂಟೆ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಯಾರೂ ನಗಲಿಲ್ಲ.

ನಿಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಎರಡು ಮೂರು ವರ್ಷಗಳಿಂದ ಸಭೆಗೆ ಬಾರದ ಹಿರಿಯರು ಯಾರು ಎಂದು ಗುರುತು ಹಾಕಿ. ಮುಂದಿನ ಗುರುವಾರ ಅವರಲ್ಲಿ ಒಬ್ಬರ ಮನೆಗೆ ಹೋಗಿ ಬನ್ನಿ.